ನೀರಿನಲ್ಲಿ ನಿಂತವನ ಮಾತು: ಆದಿ ಕ್ರೈಸ್ತರ ದೀಕ್ಷಾಸ್ನಾನದ ಭಾಷೆ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ. ಒಂದು ಕಥೆಯಿಂದಲೇ ಶುರು ಮಾಡುತ್ತೇನೆ. ನಾಲ್ಕನೇ ಶತಮಾನದ ಮೊದಲ ಭಾಗ, ಈಜಿಪ್ಟಿನ ಅಲೆಕ್ಸಾಂಡ್ರಿಯ ಪಟ್ಟಣ. ಅಲ್ಲಿನ ಬಿಷಪ್ ಅಲೆಕ್ಸಾಂಡರ್ ಹಬ್ಬದ ಆರಾಧನೆ ಮುಗಿಸಿ, ಊಟಕ್ಕೆ ಬರಬೇಕಿದ್ದ ಪಾದ್ರಿಗಳ ದಾರಿ ಕಾಯುತ್ತಾ ಸಮುದ್ರದ ಕಡೆ ನೋಡುತ್ತಿದ್ದ. ದಂಡೆಯಲ್ಲಿ ಹುಡುಗರ ಗುಂಪೊಂದು ಆಡುತ್ತಿತ್ತು. ಸ್ವಲ್ಪ ಹೊತ್ತು ನೋಡಿದ ಮೇಲೆ ಅವನಿಗೆ ಅನುಮಾನ ಬಂತು. ಇವರು ಆಡುತ್ತಿರುವುದು ಚರ್ಚಿನ ಆಟ. ಒಬ್ಬ ಬಿಷಪ್ ಆಗಿದ್ದಾನೆ. ಹೊರಗಿನವರ ಎದುರು ಮಾಡಬಾರದ್ದನ್ನೆಲ್ಲ ಮಾಡುತ್ತಿದ್ದಾರೆ. ಹುಡುಗರನ್ನು ಕರೆಸಿದ. ಮೊದಲು ಹೆದರಿ ಏನೂ ಇಲ್ಲ ಎಂದರು, ಆಮೇಲೆ ಬಾಯಿಬಿಟ್ಟರು. ಬಿಷಪ್ ಆಗಿದ್ದ ಹುಡುಗನ ಹೆಸರು ಅಥನೇಸಿಯಸ್. ದೀಕ್ಷಾಸ್ನಾನಕ್ಕೆ, ಅಂದರೆ ನೀರಿನಿಂದ ಕ್ರೈಸ್ತರಾಗುವ ಸಂಸ್ಕಾರಕ್ಕೆ, ಇನ್ನೂ ಕಾಯುತ್ತಿದ್ದ ಕೆಲವರಿಗೆ ಅವನು ಅಲ್ಲೇ, ಸಮುದ್ರದ ದಂಡೆಯಲ್ಲೇ, ಅದನ್ನು ಕೊಟ್ಟೂ ಬಿಟ್ಟಿದ್ದ.

ಈಗ ಬಂತು ಪೇಚು. ಇದು ಆಟವೋ, ನಿಜವಾದ ದೀಕ್ಷಾಸ್ನಾನವೋ? ಬಿಷಪ್ ವಿಚಾರಣೆಗೆ ಕೂತ. ಅವನು ಕೇಳಿದ್ದನ್ನು ಗಮನಿಸಿ. ನೀರು ಹಾಕಿಸಿಕೊಂಡ ಹುಡುಗರನ್ನು ಕರೆದು, ನಿಮ್ಮನ್ನು ಏನೆಂದು ಕೇಳಿದರು, ನೀವು ಏನೆಂದು ಉತ್ತರ ಕೊಟ್ಟಿರಿ ಎಂದು ವಿಚಾರಿಸಿದ. ಪ್ರಶ್ನೆ ಹಾಕಿದವನನ್ನೂ ಬೇರೆಯಾಗಿ ವಿಚಾರಿಸಿದ. ಎರಡೂ ತಾಳೆಯಾದವು, ಕ್ರಮದಲ್ಲಿ ಲೋಪವಿರಲಿಲ್ಲ. ಪಾದ್ರಿಗಳ ಜತೆ ಸಮಾಲೋಚಿಸಿ ತೀರ್ಪು ಕೊಟ್ಟ: ಪ್ರಶ್ನೆಗಳೂ ಉತ್ತರಗಳೂ ಪೂರ್ತಿಯಾಗಿ ನಡೆದಿವೆ, ಆದ್ದರಿಂದ ಈ ಹುಡುಗರಿಗೆ ಮತ್ತೆ ದೀಕ್ಷಾಸ್ನಾನ ಬೇಕಾಗಿಲ್ಲ.

ಕಥೆ ಹೇಳಿದವನು ರೂಫೀನಸ್ ಎಂಬ ಕ್ರೈಸ್ತ ಲೇಖಕ, ಐದನೇ ಶತಮಾನದ ಆರಂಭದಲ್ಲಿ ಬರೆದ ತನ್ನ ಸಭಾ ಇತಿಹಾಸದಲ್ಲಿ (ಸಭೆ ಎಂದರೆ ಇಲ್ಲಿ ಕ್ರೈಸ್ತ ಸಮುದಾಯ, ಚರ್ಚು). ಇದು ನಡೆದಿದ್ದೇ ಹೌದಾ ಎಂದು ಕೇಳಿದರೆ ನನಗೂ ಸಂಶಯವೇ. ಅಲೆಕ್ಸಾಂಡರ್ ಬಿಷಪ್ ಆಗುವ ಹೊತ್ತಿಗೆ ಅಥನೇಸಿಯಸ್ ಮರಳಿನಲ್ಲಿ ಆಡುವ ವಯಸ್ಸು ದಾಟಿದ್ದ. ಆದರೆ ಕಟ್ಟುಕಥೆಯಾದರೂ ಕಟ್ಟಿದವರ ಮನಸ್ಸು ಅದರಲ್ಲಿ ಕಾಣುತ್ತದೆ. ದೀಕ್ಷಾಸ್ನಾನ ಆಗಿದೆಯೋ ಇಲ್ಲವೋ ತಿಳಿಯಲು ಅವರು ಮೊದಲು ಹುಡುಕಿದ್ದು ಪ್ರಶ್ನೆ ಮತ್ತು ಉತ್ತರವನ್ನು.

ಇವತ್ತು ದೀಕ್ಷಾಸ್ನಾನ ಎಂದಕೂಡಲೆ ನಮ್ಮ ಕಿವಿಗೆ ಬೀಳುವುದು ಪಾದ್ರಿಯ ಮಾತು: 'ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನಾನು ನಿನಗೆ ದೀಕ್ಷಾಸ್ನಾನ ಮಾಡಿಸುತ್ತೇನೆ.' ನೀರು ಬೀಳಿಸಿಕೊಳ್ಳುವವನು, ಸಾಮಾನ್ಯವಾಗಿ ಒಂದು ಕೂಸು, ಅಳುವುದನ್ನು ಬಿಟ್ಟರೆ ಬೇರೇನೂ ಹೇಳುವುದಿಲ್ಲ. ಮೊದಲ ಕೆಲವು ಶತಮಾನಗಳಲ್ಲಿ, ಅದರಲ್ಲೂ ಲ್ಯಾಟಿನ್ ಆಡುವ ಪಶ್ಚಿಮದಲ್ಲಿ, ಚಿತ್ರ ಬೇರೆಯಿತ್ತು. ನೀರಿನಲ್ಲಿ ನಿಂತವನು ಬಾಯಿಬಿಟ್ಟು ಹೇಳಿದ ಮಾತೇ ಅಲ್ಲಿ ಮುಖ್ಯವಾಗಿತ್ತು. ಆ ಮಾತು ಹೇಗಿತ್ತು, ಯಾವಾಗ ಅದು ಅವನ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಯಿತು ಎನ್ನುವುದು ಇವತ್ತಿನ ವಿಷಯ.

ಪದದ ಮಾತು ಮೊದಲು ಮುಗಿಸಿಬಿಡೋಣ. ಗ್ರೀಕಿನ 'ಬಾಪ್ಟಿಜೋ' ಹುಟ್ಟಿನಿಂದ ಪೂಜೆಯ ಪದವಲ್ಲ. ಮುಳುಗಿಸು, ಅದ್ದು ಎನ್ನಲು ಜನ ಬಳಸುತ್ತಿದ್ದ ಮಾತು. ಹಡಗು ಮುಳುಗಿದರೂ ಅದೇ. ನಾವು ಸಾಲದಲ್ಲಿ ಮುಳುಗುತ್ತೇವಲ್ಲ, ಗ್ರೀಕರೂ ಹಾಗೇ ಮುಳುಗುತ್ತಿದ್ದರು: ಮುಂದೆ ರೋಮಿನ ಚಕ್ರವರ್ತಿಯಾದ ಓಥೋ ಐದು ಕೋಟಿ ಸಾಲದಲ್ಲಿ ಮುಳುಗಿದ್ದ ಎಂದು ಪ್ಲುಟಾರ್ಕ್ ಬರೆಯುವಾಗ ಬಳಸುವುದು ಇದೇ ಕ್ರಿಯಾಪದ. ಯೆಹೂದ್ಯರ ಗ್ರೀಕ್ ಬೈಬಲಿನಲ್ಲಿ ಅರಾಮಿನ ಸೇನಾಪತಿ ನಾಮಾನ ಕುಷ್ಠ ವಾಸಿಯಾಗಲೆಂದು ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿದಾಗಲೂ ಇದೇ. 'ನಾನು ಪಡೆಯುವ ದೀಕ್ಷಾಸ್ನಾನವನ್ನು ನೀವು ಪಡೆಯಬಲ್ಲಿರಾ' ಎಂದು ಯೇಸು ಯಾಕೋಬ ಯೋಹಾನರನ್ನು ಕೇಳುವುದು ಮಾರ್ಕನ ಸುವಾರ್ತೆಯಲ್ಲಿದೆ. ಅಲ್ಲಿ ನೀರಿನ ಸುದ್ದಿಯೇ ಇಲ್ಲ, ಇರುವುದು ಸಾವಿನ ಸುದ್ದಿ. ಮುಳುಗಿಹೋಗುವ ಭಯ ಆ ಪದದೊಳಗೆ ಮೊದಲಿನಿಂದಲೂ ಇತ್ತು.

ಲ್ಯಾಟಿನ್ನಿನಲ್ಲಿ ಬರೆದ ಕ್ರೈಸ್ತ ಲೇಖಕ ತೆರ್ತುಲಿಯನ್ ಅನೇಕ ಕಡೆ ಬಟ್ಟೆಗೆ ಬಣ್ಣ ಹಾಕುವವರ ಪದವನ್ನು ಬಳಸಿ ನೋಡಿದ. ಕೊನೆಗೆ ಗೆದ್ದದ್ದು ಗ್ರೀಕಿನಿಂದ ತಂದ ಪದವೇ. ಸಿರಿಯಾದವರು ತಮ್ಮದೇ ಮಾತು ಇಟ್ಟುಕೊಂಡರು, ಕೇರಳದ ಸುರಿಯಾನಿ ಕ್ರೈಸ್ತರು ಇಂದಿಗೂ 'ಮಾಮೋದೀಸ' ಎನ್ನುವುದು ಅದರಿಂದಲೇ. ಕನ್ನಡದಲ್ಲಿ ಬಾಪ್ತಿಸ್ಮ, ದೀಕ್ಷಾಸ್ನಾನ, ಜ್ಞಾನಸ್ನಾನ ಎಲ್ಲವೂ ನಡೆಯುತ್ತವೆ. ಸುಮಾರು 155ರಲ್ಲಿ ರೋಮಿನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್, ಚಕ್ರವರ್ತಿಗೆ ಬರೆದ ಅರಿಕೆಯಲ್ಲಿ, ಈ ತೊಳೆಯುವಿಕೆಗೆ ನಾವು 'ಬೆಳಕು' ಎಂದು ಹೆಸರಿಟ್ಟಿದ್ದೇವೆ, ಇದನ್ನು ಕಲಿತವರ ಬುದ್ಧಿ ಬೆಳಗುತ್ತದೆ ಎನ್ನುತ್ತಾನೆ. ಜ್ಞಾನಸ್ನಾನ ಎನ್ನುವ ನಮ್ಮ ಕ್ಯಾಥೊಲಿಕರಿಗೆ ಜಸ್ಟಿನನ ಮಾತು ಹತ್ತಿರದ್ದು ಅನ್ನಿಸಬಹುದು.

ಈಗ ಬಾಯಿಮಾತಿಗೆ ಬರೋಣ. ಹೊಸ ಒಡಂಬಡಿಕೆಯಲ್ಲಿ ಒಂದೇ ಸೂತ್ರವಿಲ್ಲ. ಮತ್ತಾಯನ ಕೊನೆಯಲ್ಲಿ ತಂದೆಯ, ಮಗನ, ಪವಿತ್ರಾತ್ಮನ ಹೆಸರು ಬರುತ್ತದೆ. ಅಪೊಸ್ತಲರ ಕೃತ್ಯಗಳಲ್ಲಿ ಪೇತ್ರ ಹೇಳುವುದು ಯೇಸು ಕ್ರಿಸ್ತನ ಹೆಸರಿನಲ್ಲಿ. ಪೌಲನಿಗಂತೂ ಯಾರು ಯಾರಿಗೆ ಮಾಡಿಸಿದರು ಎಂಬ ಲೆಕ್ಕವೇ ಬೇಡ. ಕೊರಿಂಥದವರು ನಾನು ಇಂಥವನ ಕಡೆಯವನು, ನಾನು ಅಂಥವನ ಕಡೆಯವನು ಎಂದು ಬಣ ಕಟ್ಟಿಕೊಂಡಾಗ, ಕ್ರಿಸ್ಪನಿಗೂ ಗಾಯನಿಗೂ ಬಿಟ್ಟು ನಿಮ್ಮಲ್ಲಿ ಯಾರಿಗೂ ನಾನು ಮಾಡಿಸಲಿಲ್ಲ, ಸದ್ಯ ಬದುಕಿದೆ ಎನ್ನುವ ಧಾಟಿಯಲ್ಲಿ ಬರೆಯುತ್ತಾನೆ. ಮರುಕ್ಷಣ ನೆನಪಾಗಿ, ಹಾಂ, ಸ್ತೆಫನನ ಮನೆಯವರಿಗೂ ಮಾಡಿಸಿದ್ದೆ, ಇನ್ನಾರಿಗಾದರೂ ಮಾಡಿಸಿದೆನೋ ಗೊತ್ತಿಲ್ಲ ಎಂದು ಸೇರಿಸುತ್ತಾನೆ. ಬೈಬಲಿನಲ್ಲಿ ನನಗೆ ತುಂಬ ಇಷ್ಟವಾದ ಸಾಲುಗಳಲ್ಲಿ ಇದೂ ಒಂದು. ಕಾಗದ ಹೇಳಿ ಬರೆಸುವವನು ನಡುವೆ ತಡವರಿಸಿದ್ದು ಹಾಗೇ ಉಳಿದುಬಿಟ್ಟಿದೆ.

ಅದೇ ಕೃತ್ಯಗಳ ಎಂಟನೇ ಅಧ್ಯಾಯದಲ್ಲಿ ಐಥಿಯೋಪ್ಯದ ಕಂಚುಕಿಯ ಪ್ರಸಂಗವಿದೆ. ರಥದಲ್ಲಿ ಯೆಶಾಯನ ಪುಸ್ತಕ ಓದುತ್ತಾ ಹೋಗುತ್ತಿದ್ದವನಿಗೆ ಫಿಲಿಪ್ಪ ಅರ್ಥ ಹೇಳುತ್ತಾನೆ. ದಾರಿಯಲ್ಲಿ ನೀರು ಕಾಣುತ್ತದೆ. 'ಅಗೋ ನೀರು, ನನಗೆ ದೀಕ್ಷಾಸ್ನಾನವಾಗುವುದಕ್ಕೆ ಅಡ್ಡಿ ಏನು?' ಎಂದು ಕಂಚುಕಿ ಕೇಳುತ್ತಾನೆ. ಹಳೆಯ ಹಸ್ತಪ್ರತಿಗಳಲ್ಲಿ ಆಮೇಲೆ ನೇರವಾಗಿ ರಥ ನಿಲ್ಲುತ್ತದೆ, ಇಬ್ಬರೂ ನೀರಿಗಿಳಿಯುತ್ತಾರೆ. ಬೇರೆ ಪ್ರತಿಗಳಲ್ಲಿ ಮಾತ್ರ ನಡುವೆ ಒಂದು ವಚನ ಹೆಚ್ಚಿಗೆ ಇದೆ. ನೀನು ಪೂರ್ಣಹೃದಯದಿಂದ ನಂಬಿದರೆ ಆಗಬಹುದು ಎಂದು ಫಿಲಿಪ್ಪ ಹೇಳುತ್ತಾನೆ, ಯೇಸು ಕ್ರಿಸ್ತನು ದೇವರ ಮಗನೆಂದು ನಂಬುತ್ತೇನೆ ಎಂದು ಇವನು ಉತ್ತರಿಸುತ್ತಾನೆ. ಅದು 37ನೇ ವಚನ. ಇಂದಿನ ಬಹಳಷ್ಟು ಅನುವಾದಗಳು ಅದನ್ನು ಅಡಿಟಿಪ್ಪಣಿಗೆ ಇಳಿಸಿವೆ, ಸರಿಯೇ. ಆದರೆ ಎರಡನೇ ಶತಮಾನದ ಕೊನೆಯ ಹೊತ್ತಿಗೇ ಬಿಷಪ್ ಐರೇನಿಯಸ್‌ಗೆ ಈ ಸಾಲು ಗೊತ್ತಿತ್ತು. ಪ್ರಶ್ನೆಯಿಲ್ಲದೆ, ಉತ್ತರವಿಲ್ಲದೆ ಒಬ್ಬನನ್ನು ನೀರಿಗಿಳಿಸುವುದು ನಕಲು ಮಾಡುವವರಿಗೆ ಸರಿಕಾಣಲಿಲ್ಲ, ತಮ್ಮ ಸಭೆಯಲ್ಲಿ ದಿನಾ ಕೇಳುತ್ತಿದ್ದ ಮಾತನ್ನೇ ಫಿಲಿಪ್ಪನ ಬಾಯಿಗೂ ಹಾಕಿದರು ಎನ್ನುವುದು ನನ್ನ ಓದು.

'ದಿದಖೆ' ಎಂಬ ಆದಿ ಕ್ರೈಸ್ತರ ಸಣ್ಣ ಹೊತ್ತಗೆಯನ್ನು ಇಲ್ಲಿ ನೆನೆಯಬೇಕು. ಫಿಲೋಥಿಯೋಸ್ ಬ್ರಿಯೆನ್ನಿಯೋಸ್ ಎಂಬ ವಿದ್ವಾಂಸ 1873ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಇದರ ಪ್ರತಿಯನ್ನು ಕಂಡು ಹತ್ತು ವರ್ಷದ ಮೇಲೆ ಅಚ್ಚು ಹಾಕಿಸಿದ. ನೀರಿನ ಬಗ್ಗೆ ಅದು ತುಂಬ ಸಲೀಸು. ಹರಿಯುವ ನೀರಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಬೇರೆ ನೀರು. ತಣ್ಣೀರು ಆಗದಿದ್ದರೆ ಬಿಸಿನೀರು. ಎರಡೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಹೊಯ್ಯಿರಿ. ಮುಳುಗಿಸಬೇಕೋ ಚಿಮುಕಿಸಬೇಕೋ ಎಂದು ಇವತ್ತಿಗೂ ಜಗಳವಾಡುವವರು ಆ ಅಧ್ಯಾಯವನ್ನು ಒಮ್ಮೆ ಓದಬೇಕು.

ಪ್ರಶ್ನೋತ್ತರದ ಪೂರ್ತಿ ಚಿತ್ರ ಸಿಗುವುದು 'ಅಪೊಸ್ತಲರ ಸಂಪ್ರದಾಯ' ಎಂದು ಕರೆಯುವ ಕೈಪಿಡಿಯಲ್ಲಿ. ಇದನ್ನು ಮೂರನೇ ಶತಮಾನದ ರೋಮಿನ ಹಿಪ್ಪೊಲಿಟಸ್ ಬರೆದ ಎಂದು ಬಹುಕಾಲ ನಂಬಲಾಗಿತ್ತು. ಈಗ ಹಲವು ಕಾಲದ ಪದರಗಳು ಇದರಲ್ಲಿ ಸೇರಿವೆ ಎನ್ನುವವರೇ ಹೆಚ್ಚು. ಅದು ಹೇಳುವ ಕ್ರಮ ಹೀಗಿದೆ. ಕೋಳಿ ಕೂಗುವ ಹೊತ್ತಿಗೆ ನೀರಿನ ಮೇಲೆ ಪ್ರಾರ್ಥನೆ. ಬಟ್ಟೆ ಕಳಚಬೇಕು. ಮೊದಲು ಮಕ್ಕಳು, ಆಮೇಲೆ ಗಂಡಸರು, ಕೊನೆಗೆ ಹೆಂಗಸರು. ಹೆಂಗಸರು ತಲೆಗೂದಲು ಬಿಚ್ಚಿ ಚಿನ್ನದ ಒಡವೆ ತೆಗೆದಿಟ್ಟಿರಬೇಕು. ಹೊರಗಿನ ಯಾವ ವಸ್ತುವೂ ನೀರಿಗೆ ಬರಕೂಡದು. 'ಸೈತಾನನೇ, ನಿನ್ನನ್ನೂ ನಿನ್ನ ಊಳಿಗವನ್ನೂ ನಿನ್ನ ಕೆಲಸಗಳೆಲ್ಲವನ್ನೂ ಬಿಟ್ಟೆ' ಎಂದು ಹೇಳಿಸಿ ಎಣ್ಣೆ ಹಚ್ಚುತ್ತಾರೆ. ಆಮೇಲೆ ನೀರು.

ನೀರಿನಲ್ಲಿ ನಿಂತವನ ತಲೆಯ ಮೇಲೆ ಕೈಯಿಟ್ಟು ಮೊದಲ ಪ್ರಶ್ನೆ: ಸರ್ವಶಕ್ತ ತಂದೆಯಾದ ದೇವರನ್ನು ನಂಬುತ್ತೀಯಾ? ನಂಬುತ್ತೇನೆ. ಒಂದು ಸಲ ಮುಳುಗು. ಎರಡನೆಯದು ಉದ್ದದ ಪ್ರಶ್ನೆ. ಕನ್ಯೆ ಮರಿಯಳಲ್ಲಿ ಹುಟ್ಟಿ, ಪೊಂತ್ಯ ಪಿಲಾತನ ಕಾಲದಲ್ಲಿ ಶಿಲುಬೆಗೇರಿ, ಸತ್ತು, ಮೂರನೆಯ ದಿನ ಎದ್ದ ಕ್ರಿಸ್ತ ಯೇಸುವನ್ನು ನಂಬುತ್ತೀಯಾ? ನಂಬುತ್ತೇನೆ. ಎರಡನೇ ಮುಳುಗು. ಪವಿತ್ರಾತ್ಮನನ್ನೂ ಸಭೆಯನ್ನೂ ನಂಬುತ್ತೀಯಾ? ನಂಬುತ್ತೇನೆ. ಮೂರನೇ ಮುಳುಗು. 'ನಾನು ನಿನಗೆ ದೀಕ್ಷಾಸ್ನಾನ ಮಾಡಿಸುತ್ತೇನೆ' ಎಂಬ ಪಾದ್ರಿಯ ವಾಕ್ಯಕ್ಕೆ ಇಲ್ಲಿ ಜಾಗವೇ ಇಲ್ಲ. ಪ್ರಶ್ನೆ, ಉತ್ತರ, ನೀರು, ಅಷ್ಟೇ. ನಾಲ್ಕನೇ ಶತಮಾನದ ಮಿಲಾನಿನಲ್ಲೂ ಇದೇ ಪದ್ಧತಿ. ಅಲ್ಲಿನ ಬಿಷಪ್ ಅಂಬ್ರೋಸ್ ಹೊಸಬರಿಗೆ ನೆನಪಿಸುತ್ತಾನೆ: ನಿನ್ನನ್ನು ಕೇಳಿದರು, ನಂಬುತ್ತೇನೆ ಎಂದೆ, ಮುಳುಗಿದೆ, ಅಂದರೆ ಹೂಳಲ್ಪಟ್ಟೆ. 387ರ ಈಸ್ಟರ್ ರಾತ್ರಿ ಅದೇ ಅಂಬ್ರೋಸನ ಕೈಯಲ್ಲಿ, ಎಂಟು ಮೂಲೆಯ ದೀಕ್ಷಾಮಂಟಪದಲ್ಲಿ ನೀರಿಗಿಳಿದವನು ಮುಂದೆ ಆಫ್ರಿಕದಲ್ಲಿ ಬಿಷಪ್ ಆದ ಆಗಸ್ಟೀನ್. ಆ ಮಂಟಪದ ತಳಪಾಯ ಮಿಲಾನಿನ ದೊಡ್ಡ ಚರ್ಚಿನ ಮುಂದಿನ ಚೌಕದ ಅಡಿಯಲ್ಲಿ ಇಂದಿಗೂ ಇದೆ.

ಕ್ರೈಸ್ತರು ಭಾನುವಾರ ಒಟ್ಟಾಗಿ ಹೇಳುವ ವಿಶ್ವಾಸಪ್ರಮಾಣ, 'ಪರಲೋಕ ಭೂಲೋಕಗಳನ್ನು ಉಂಟುಮಾಡಿದ' ಎಂದು ಸಾಗುವ ಆ ಪಾಠ, ಬೆಳೆದದ್ದು ಈ ಮೂರು ಪ್ರಶ್ನೆಗಳ ಸುತ್ತ. ಮೂರು ಪ್ಯಾರಾ ಏಕೆ, ನಡುವಿನದು ಏಕೆ ಅಷ್ಟು ಉದ್ದ ಎಂದು ಕೇಳಿದರೆ ಉತ್ತರ ನೀರಿನಲ್ಲಿದೆ.

ಉತ್ತರಿಸುವುದನ್ನು ಅವರು ಎಷ್ಟು ಗಟ್ಟಿಯಾಗಿ ತೆಗೆದುಕೊಂಡರು ಎನ್ನುವುದಕ್ಕೆ ಉತ್ತರ ಆಫ್ರಿಕದ ಕಾರ್ತೇಜಿನ ತೆರ್ತುಲಿಯನ್ ಸಾಕ್ಷಿ. ಸುಮಾರು 200ರಲ್ಲಿ ದೀಕ್ಷಾಸ್ನಾನದ ಮೇಲೆಯೇ ಒಂದು ಪುಸ್ತಕ ಬರೆದವನು ಅವನು. 'ಸಾಕ್ರಮೆಂಟುಮ್' ಎಂಬ ಲ್ಯಾಟಿನ್ ಪದವನ್ನು ಇದಕ್ಕೆ ತಂದು ಕೂರಿಸಿದವರಲ್ಲಿ ಮುಖ್ಯನೂ ಅವನೇ. ರೋಮಿನ ಸೈನಿಕ ಸೇನೆಗೆ ಸೇರುವಾಗ ಇಡುತ್ತಿದ್ದ ಆಣೆಗೆ ಆ ಹೆಸರು. ಸೆರೆಮನೆಯಲ್ಲಿದ್ದ ಕ್ರೈಸ್ತರಿಗೆ ಅವನು ಬರೆಯುತ್ತಾನೆ: ಆಣೆಯ ಮಾತಿಗೆ ನಾವು ಉತ್ತರ ಕೊಟ್ಟ ದಿನವೇ ಜೀವಂತ ದೇವರ ಸೇನೆಗೆ ಸೇರಿಬಿಟ್ಟೆವು. ಇನ್ನೊಂದು ಕಡೆ, ನಮ್ಮನ್ನು ಮೂರು ಸಲ ಮುಳುಗಿಸುತ್ತಾರೆ, ಸುವಾರ್ತೆಯಲ್ಲಿ ಕರ್ತ ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಉತ್ತರ ಹೇಳುತ್ತೇವೆ ಎಂದು ಒಪ್ಪಿಕೊಳ್ಳುತ್ತಾನೆ. ನೀರಿನಿಂದ ಎದ್ದವರಿಗೆ ಹಾಲು ಜೇನು ಬೆರೆಸಿ ಕೊಡುತ್ತಿದ್ದರಂತೆ, ಆ ದಿನದಿಂದ ಒಂದು ವಾರ ಅವರು ದಿನದ ಸ್ನಾನ ಮಾಡುತ್ತಿರಲಿಲ್ಲವಂತೆ. ರೋಮನರ ಊರಿನಲ್ಲಿ ವಾರ ಪೂರ್ತಿ ಸ್ನಾನದ ಮನೆಗೆ ಹೋಗದಿದ್ದರೆ ನೆರೆಹೊರೆಯವರಿಗೆ ಗೊತ್ತಾಗದೆ ಇರುತ್ತದೆಯೇ?

256ರ ಸುಮಾರಿಗೆ ದೊಡ್ಡ ಜಗಳವೊಂದು ಎದ್ದಿತು. ಪಾಷಂಡಿಗಳ, ಅಂದರೆ ಸಭೆಯ ಬೋಧನೆ ಬಿಟ್ಟು ಬೇರೆ ಬೋಧಿಸುವವರ, ಗುಂಪಿನಲ್ಲಿ ದೀಕ್ಷಾಸ್ನಾನ ಆದವರು ನಮ್ಮ ಸಭೆಗೆ ಬಂದರೆ ಮತ್ತೆ ಮಾಡಿಸಬೇಕೋ ಬೇಡವೋ? ಬೇಡ ಎಂದ ರೋಮಿನ ಬಿಷಪ್ ಸ್ಟೀಫನ್. ಬೇಕೇ ಬೇಕು ಎಂದ ಕಾರ್ತೇಜಿನ ಬಿಷಪ್ ಸಿಪ್ರಿಯನ್. ಸಿಪ್ರಿಯನ್ನನ ಪರವಾಗಿ ಕಪ್ಪದೋಕ್ಯದ ಬಿಷಪ್ ಫರ್ಮಿಲಿಯನ್ ಬರೆದ ಖಾರವಾದ ಕಾಗದ ಉಳಿದಿದೆ. ತಮ್ಮ ಸೀಮೆಯಲ್ಲಿ ಸುಮಾರು 22 ವರ್ಷದ ಹಿಂದೆ, ಭೂಕಂಪಗಳಾದ ಕಾಲದಲ್ಲಿ, ಒಬ್ಬ ಹೆಂಗಸು ಪ್ರವಾದಿನಿ ಎಂದು ಹೇಳಿಕೊಂಡು ಎದ್ದಳು, ಬಹಳ ಜನರಿಗೆ ದೀಕ್ಷಾಸ್ನಾನವನ್ನೂ ಮಾಡಿಸಿದಳು ಎನ್ನುತ್ತಾನೆ. ಅವಳ ಮೇಲೆ ಭೂತವಿತ್ತು ಎನ್ನುವುದು ಅವನ ವಾದ. ಆದರೆ ಅವಳ ಕ್ರಮದಲ್ಲಿ ತಪ್ಪಿರಲಿಲ್ಲ, ರೂಢಿಯ ಪ್ರಶ್ನೆಗಳನ್ನೇ ಕೇಳುತ್ತಿದ್ದಳು ಎಂದೂ ಅವನೇ ಹೇಳುತ್ತಾನೆ. ಹಾಗಾದರೆ ಸ್ಟೀಫನ್ ಇದನ್ನೂ ಒಪ್ಪುತ್ತಾನೆಯೇ ಎಂದು ಅವನ ಸವಾಲು. ಆ ಹೆಂಗಸಿನ ಹೆಸರನ್ನು ಅವನು ಬರೆದಿಡಲಿಲ್ಲ. ಮುಖ್ಯ ಸಂಗತಿ ಇದು: ದೀಕ್ಷಾಸ್ನಾನ ನೋಡಲು ಸರಿಯಾಗಿಯೇ ಇತ್ತು ಎನ್ನಲು ಶತ್ರು ಕೂಡ ಎತ್ತಿ ತೋರಿಸಿದ್ದು ಅವಳು ಕೇಳಿದ ಪ್ರಶ್ನೆಗಳನ್ನು.

ಜೆರುಸಲೇಮಿಗೆ ಹೋಗೋಣ, ನಾಲ್ಕನೇ ಶತಮಾನ. ಅಲ್ಲಿನ ಬಿಷಪ್ ಸಿರಿಲ್‌ನ ಹೆಸರಿನಲ್ಲಿ ಕೆಲವು ಉಪದೇಶಗಳು ಉಳಿದಿವೆ. ಅವನದೋ ಅವನ ನಂತರ ಬಂದ ಯೋಹಾನನದೋ ಎಂಬ ಚರ್ಚೆ ಇದೆ, ಇರಲಿ. ದೀಕ್ಷಾರ್ಥಿ ಮೊದಲು ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಬೇಕು. ಪಶ್ಚಿಮ ಕತ್ತಲೆಯ ದಿಕ್ಕು. ಕೈ ಚಾಚಿ, ಸೈತಾನ ಎದುರಿಗೇ ನಿಂತಿದ್ದಾನೋ ಎಂಬಂತೆ, 'ನಿನ್ನನ್ನು ಬಿಟ್ಟೆ' ಎಂದು ಏಕವಚನದಲ್ಲಿ ಹೇಳಬೇಕು. ಅವನ ಆಡಂಬರವನ್ನೂ ಬಿಡಬೇಕು, ಆಡಂಬರ ಎಂದರೆ ನಾಟಕ, ಕುದುರೆ ಜೂಜು ಇತ್ಯಾದಿ. ಆಮೇಲೆ ಪೂರ್ವಕ್ಕೆ ತಿರುಗಿ, ನಂಬುತ್ತೇನೆ. ಬೈಯುವುದಕ್ಕೆ ಒಂದು ದಿಕ್ಕು, ಒಪ್ಪುವುದಕ್ಕೆ ಇನ್ನೊಂದು ದಿಕ್ಕು. ಮೈಯೂ ಮಾತಿನ ಜತೆ ತಿರುಗಬೇಕು.

ಅದೇ ಊರಿಗೆ 380ರ ದಶಕದಲ್ಲಿ ಎಗೇರಿಯ ಎಂಬಾಕೆ ಪಶ್ಚಿಮದ ಕೊನೆಯಿಂದ ಯಾತ್ರೆ ಬಂದಿದ್ದಳು. ಊರಿನಲ್ಲಿರುವ ತನ್ನ ಅಕ್ಕತಂಗಿಯರಿಗೆಂದು ಕಂಡದ್ದನ್ನೆಲ್ಲ ಬರೆದಳು. ಆ ಬರಹ 1884ರಲ್ಲಿ ಇಟಲಿಯ ಅರೆತ್ಸೊದಲ್ಲಿ ಸಿಕ್ಕಿತು. ದೀಕ್ಷಾಸ್ನಾನಕ್ಕೆ ಹೆಸರು ಬರೆಸುವ ದಿನವನ್ನು ಅವಳು ನೋಡಿದ ಹಾಗೆ ನಾವು ನೋಡಬಹುದು. ಬಿಷಪ್ ಕುರ್ಚಿಯಲ್ಲಿ ಕೂತಿದ್ದಾನೆ. ಒಬ್ಬೊಬ್ಬರನ್ನೇ ಕರೆತರುತ್ತಾರೆ, ಗಂಡಸಾದರೆ ಜ್ಞಾನ ತಂದೆಯ ಜತೆ, ಹೆಂಗಸಾದರೆ ಜ್ಞಾನ ತಾಯಿಯ ಜತೆ. ಬಿಷಪ್ ಪ್ರಶ್ನೆ ಕೇಳುವುದು ನೆರೆಯವರನ್ನು: ಇವನ ನಡತೆ ಹೇಗೆ? ತಂದೆತಾಯಿಗೆ ಮರ್ಯಾದೆ ಕೊಡುತ್ತಾನಾ? ಕುಡಿಯುತ್ತಾನಾ? ಸುಳ್ಳು ಹೇಳುತ್ತಾನಾ? ಪಾಸಾದರೆ ಬಿಷಪ್ ತನ್ನ ಕೈಯಾರೆ ಹೆಸರು ಬರೆದುಕೊಳ್ಳುತ್ತಾನೆ. ಇಲ್ಲದಿದ್ದರೆ ಹೊರಗೆ ಕಳಿಸಿ, ತಿದ್ದಿಕೊಂಡು ಬಾ ಎನ್ನುತ್ತಾನೆ. ಪರಸ್ಥಳದವರಿಗೆ ಇದು ಕಷ್ಟ, ಅವರ ಪರ ಹೇಳುವವರು ಯಾರೂ ಇರುವುದಿಲ್ಲ ಎಂದು ಎಗೇರಿಯ ಸೇರಿಸುತ್ತಾಳೆ. ಅವಳೂ ಪರಸ್ಥಳದವಳೇ.

ಭಾಷೆಯ ಬಗ್ಗೆ ಅವಳ ಟಿಪ್ಪಣಿ ಇನ್ನೂ ಅಮೂಲ್ಯ. ಆ ಸೀಮೆಯ ಜನರಲ್ಲಿ ಕೆಲವರಿಗೆ ಗ್ರೀಕ್ ಮಾತ್ರ ಬರುತ್ತದೆ, ಕೆಲವರಿಗೆ ಸಿರಿಯಾಕ್ ಮಾತ್ರ, ಕೆಲವರಿಗೆ ಎರಡೂ. ಬಿಷಪ್‌ಗೆ ಸಿರಿಯಾಕ್ ಗೊತ್ತಿದ್ದರೂ ಅವನು ಮಾತಾಡುವುದು ಯಾವಾಗಲೂ ಗ್ರೀಕಿನಲ್ಲೇ. ಪಕ್ಕದಲ್ಲಿ ಒಬ್ಬ ಪಾದ್ರಿ ನಿಂತು ಸಿರಿಯಾಕಿಗೆ ತಿರುಗಿಸುತ್ತಾ ಹೋಗುತ್ತಾನೆ. ಗ್ರೀಕೂ ಬರದ ಸಿರಿಯಾಕೂ ಬರದ ಲ್ಯಾಟಿನ್ ಜನ ಬೇಸರ ಪಡಬಾರದೆಂದು, ಗ್ರೀಕ್ ಲ್ಯಾಟಿನ್ ಎರಡೂ ಬಲ್ಲ ಸೋದರ ಸೋದರಿಯರು ಅವರಿಗೆ ಲ್ಯಾಟಿನ್ನಿನಲ್ಲಿ ವಿವರಿಸುತ್ತಾರೆ. ಅಧಿಕಾರದ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು, ನಡುವೆ ನಿಂತು ಬೆವರುವ ದುಭಾಷಿ: ಈ ಸಭಾಂಗಣದಲ್ಲಿರುವವರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಆ ತರಗತಿಗಳು ಏಳು ವಾರ, ದಿನಕ್ಕೆ ಮೂರು ಗಂಟೆ. ಐದು ವಾರ ಕಳೆದ ಮೇಲೆ ವಿಶ್ವಾಸಪ್ರಮಾಣವನ್ನು ಬಾಯಲ್ಲಿ ಹೇಳಿಕೊಡುತ್ತಾರೆ. ಬರೆದುಕೊಳ್ಳುವಂತಿಲ್ಲ. ಕಾಗದದ ಮೇಲೆ ಬೇಡ, ಎದೆಯ ಮೇಲೆ ಬರೆದುಕೊಳ್ಳಿ ಎಂದು ಸಿರಿಲ್ ಹೇಳುತ್ತಾನೆ, ಆಫ್ರಿಕದಲ್ಲಿ ಆಗಸ್ಟೀನನೂ ಅದನ್ನೇ ಹೇಳುತ್ತಾನೆ. ಕೊನೆಯ ವಾರ ಒಬ್ಬೊಬ್ಬರೂ ಬಿಷಪ್ ಮುಂದೆ ನಿಂತು ಒಪ್ಪಿಸಬೇಕು. ಕಂಠಪಾಠ ಒಪ್ಪಿಸಿದ ಯಾರಿಗಾದರೂ ಆ ಹೊಟ್ಟೆ ತೊಳಸು ಗೊತ್ತು.

ರೋಮಿನಲ್ಲಿ ಇದನ್ನು ಎತ್ತರದ ಜಾಗದಲ್ಲಿ ನಿಂತು ಇಡೀ ಸಭೆಯ ಎದುರು ಹೇಳಬೇಕಿತ್ತು. ಸುಮಾರು 355ರಲ್ಲಿ ಮಾರಿಯಸ್ ವಿಕ್ಟೋರಿನಸ್ ಎಂಬ ಮುದುಕನ ಸರದಿ ಬಂತು. ಅವನು ರೋಮಿನ ಹೆಸರಾಂತ ವಾಗ್ಮಿ, ಭಾಷಣಕಲೆಯ ಅಧ್ಯಾಪಕ. ಊರಿನ ಮುಖ್ಯ ಚೌಕದಲ್ಲಿ ಅವನ ಪ್ರತಿಮೆಯೇ ಇತ್ತು. ಬಹಳ ದಿನ ಅವನು ಸಿಂಪ್ಲಿಸಿಯಾನಸ್ ಎಂಬ ಗೆಳೆಯನ ಹತ್ತಿರ ಗುಟ್ಟಾಗಿ, ನಾನು ಆಗಲೇ ಕ್ರೈಸ್ತ ಕಣಯ್ಯಾ ಎನ್ನುತ್ತಿದ್ದ. ಚರ್ಚಿನೊಳಗೆ ನೋಡುವ ತನಕ ನಂಬುವುದಿಲ್ಲ ಎಂದು ಸಿಂಪ್ಲಿಸಿಯಾನಸ್. ಹಾಗಾದರೆ ಗೋಡೆಗಳು ಮನುಷ್ಯನನ್ನು ಕ್ರೈಸ್ತನನ್ನಾಗಿ ಮಾಡುತ್ತವೆಯೋ ಎಂದು ಅವನು ನಗುತ್ತಿದ್ದ. ಕೊನೆಗೆ ಒಪ್ಪಿದ. ಸಂಕೋಚದವರಿಗೆ ಮಾಡಿಕೊಡುವ ಹಾಗೆ ನಿಮಗೂ ಒಳಗಡೆಯೇ ಹೇಳಿಸುತ್ತೇವೆ ಎಂದು ಪಾದ್ರಿಗಳು ಸೂಚಿಸಿದರು. ಬೇಡವೆಂದ. ಭಾಷಣ ಕಲಿಸುವುದರಲ್ಲಿ ಮುಕ್ತಿ ಇರಲಿಲ್ಲ, ಆದರೂ ಅದನ್ನು ಬಹಿರಂಗವಾಗಿ ಮಾಡಿದೆನಲ್ಲ, ಇದಕ್ಕೇಕೆ ಅಡಗಲಿ ಎಂಬುದು ಅವನ ಭಾವ. ಅವನು ಮೆಟ್ಟಿಲೇರುತ್ತಿದ್ದಂತೆ ಸಭೆಯಲ್ಲಿ ಪಿಸುಮಾತು ಹರಡಿತು: ವಿಕ್ಟೋರಿನಸ್, ವಿಕ್ಟೋರಿನಸ್. ಕೂಡಲೇ ಎಲ್ಲರೂ ಕೇಳಲು ಸುಮ್ಮನಾದರು. ಇದನ್ನು ಬರೆದಿಟ್ಟವನು ಆಗಸ್ಟೀನ್. ಜೀವಮಾನವಿಡೀ ಸ್ವಂತ ಮಾತು ಹೊಸೆದು ಗೆದ್ದವನು ಅಂದು ಮೀನು ಮಾರುವವನೂ ಹೇಳುವ ಅದೇ ನಾಲ್ಕು ಸಾಲು ಒಪ್ಪಿಸಿದ.

ಪೂರ್ವದ ಸಭೆಗಳಲ್ಲಿ ಕ್ರಮ ಸ್ವಲ್ಪ ಬೇರೆ. ಅಲ್ಲಿ ನೀರಿನ ಬಳಿ ಪಾದ್ರಿಯ ವಾಕ್ಯವೂ ಇತ್ತು. 1955ರಲ್ಲಿ ಗ್ರೀಸಿನ ಆಥೋಸ್ ಬೆಟ್ಟದ ಸ್ತಾವ್ರೊನಿಕೀತ ಮಠದಲ್ಲಿ, ನಾಲ್ಕನೇ ಶತಮಾನದ ಉಪದೇಶಕ ಯೋಹಾನ ಕ್ರಿಸೊಸ್ತೊಮನ ದೀಕ್ಷೋಪದೇಶಗಳ ಹಸ್ತಪ್ರತಿ ಸಿಕ್ಕಿತು. ಅಂತಿಯೋಕ್ಯದ ಜನರಿಗೆ ಅವನು ಅಲ್ಲಿ ವ್ಯಾಕರಣದ ಪಾಠವನ್ನೇ ಮಾಡುತ್ತಾನೆ. ಪಾದ್ರಿ 'ನಾನು ಇಂಥವನಿಗೆ ದೀಕ್ಷಾಸ್ನಾನ ಮಾಡಿಸುತ್ತೇನೆ' ಎನ್ನುವುದಿಲ್ಲ, 'ಇಂಥವನಿಗೆ ದೀಕ್ಷಾಸ್ನಾನವಾಗುತ್ತಿದೆ' ಎನ್ನುತ್ತಾನೆ. ಮಾಡುವವನು ದೇವರು, ಪಾದ್ರಿ ಕೈಯನ್ನಷ್ಟೇ ಎರವಲು ಕೊಟ್ಟವನು. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಈ ಕರ್ಮಣಿ ಪ್ರಯೋಗ ಇವತ್ತಿಗೂ ನಡೆದುಬಂದಿದೆ.

ಇಷ್ಟೆಲ್ಲ ಉತ್ತರ ಕೊಡುವಾಗ ದೀಕ್ಷಾರ್ಥಿಗೆ ಅದರ ಅರ್ಥ ಪೂರ್ತಿ ಗೊತ್ತಿರುತ್ತಿತ್ತೇ? ಇಲ್ಲ, ಬೇಕೆಂದೇ ಹೇಳುತ್ತಿರಲಿಲ್ಲ. ಜೆರುಸಲೇಮಿನಲ್ಲಿ ಗುಟ್ಟಿನ ವಿವರಣೆ ಬರುತ್ತಿದ್ದುದು ಈಸ್ಟರ್ ಕಳೆದ ಮೇಲೆ, ಒದ್ದೆ ಕೂದಲು ಒಣಗಿದ ಮೇಲೆ. ಆಗ ಬಿಷಪ್ ಬಾಗಿಲು ಹಾಕಿಸಿ ಮಾತಾಡುತ್ತಾನೆ, ಒಳಗಿನವರು ಹೊಡೆಯುವ ಚಪ್ಪಾಳೆ ಚರ್ಚಿನ ಹೊರಗೂ ಕೇಳುತ್ತದೆ ಎನ್ನುತ್ತಾಳೆ ಎಗೇರಿಯ. ಅಂಥದೊಂದು ಉಪದೇಶದಲ್ಲೇ ಸಿರಿಲ್‌ನ ಪ್ರಸಿದ್ಧ ಮಾತು ಬರುವುದು: ಒಂದೇ ಗಳಿಗೆಯಲ್ಲಿ ನೀವು ಸತ್ತಿರಿ, ಹುಟ್ಟಿದಿರಿ, ಆ ನೀರೇ ನಿಮಗೆ ಗೋರಿಯಾಯಿತು, ಅದೇ ತಾಯಿಯಾಯಿತು. ಗೋರಿಯ ಮಾತು ಪೌಲನದು, ರೋಮಾಪುರದವರಿಗೆ ಬರೆದದ್ದು. ತಾಯಿಯ ಮಾತು ಯೋಹಾನನ ಸುವಾರ್ತೆಯಲ್ಲಿ ಯೇಸು ನಿಕೊದೇಮನಿಗೆ ಮನುಷ್ಯ ಹೊಸದಾಗಿ ಹುಟ್ಟಬೇಕು ಎಂದ ಪ್ರಸಂಗದಿಂದ ಬೆಳೆದದ್ದು. ರೋಮಿನ ಲಾತೆರಾನ್ ದೀಕ್ಷಾಮಂಟಪದಲ್ಲಿ ಐದನೇ ಶತಮಾನದ ಪೋಪ್ 3ನೇ ಸಿಕ್ಸ್ಟಸ್ ಕಲ್ಲಿನಲ್ಲಿ ಕೆತ್ತಿಸಿದ ಪದ್ಯದಲ್ಲಿ ಸಭೆಯೆಂಬ ಕನ್ಯೆ ತಾಯಿ ಹೊಳೆಯಲ್ಲಿ ಮಕ್ಕಳನ್ನು ಹೆರುತ್ತಾಳೆ.

ಚಿತ್ರದಲ್ಲಿ ನೋಡಬೇಕಾದರೆ ಯೂಫ್ರಟಿಸ್ ದಂಡೆಯ ದೂರಾ ಯೂರೋಪೊಸ್. 256ರ ಸುಮಾರಿಗೆ ಪರ್ಶಿಯನ್ನರ ದಾಳಿಗೆ ಬಿದ್ದು ಮಣ್ಣುಪಾಲಾದ ಊರು. ಅದಕ್ಕೂ ಮುಂಚೆ ಅಲ್ಲಿ ಒಂದು ವಾಸದ ಮನೆಯನ್ನೇ ಚರ್ಚು ಮಾಡಿಕೊಂಡಿದ್ದರು. ಅದರ ಸಣ್ಣ ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ, ಮೇಲೆ ನಕ್ಷತ್ರ ಬಿಡಿಸಿದ ಚಾವಣಿ. ಹಿಂದಿನ ಗೋಡೆಯಲ್ಲಿ ಕುರಿ ಹೊತ್ತ ಕುರುಬ, ಕಾಲ ಬಳಿ ಪುಟ್ಟದಾಗಿ ಆದಾಮ ಹವ್ವ. ಪಕ್ಕದ ಗೋಡೆಯಲ್ಲಿ ಬಾವಿಯಿಂದ ನೀರು ಸೇದಲು ಬಾಗಿದ ಹೆಂಗಸು, ದೀಪ ಹಿಡಿದು ನಡೆವ ಹೆಂಗಸರ ಸಾಲು. ಆ ಸಾಲು ಯೇಸುವಿನ ಗೋರಿಗೆ ಹೊರಟದ್ದೋ ಮದುವೆಗೆ ಹೊರಟದ್ದೋ ಎಂದು ಪಂಡಿತರು ಇನ್ನೂ ವಾದಿಸುತ್ತಾರೆ. ಗೋರಿ, ಮದುವೆ ಎರಡೂ ದೀಕ್ಷಾಸ್ನಾನದ ರೂಪಕಗಳೇ ಆಗಿರುವಾಗ ಬರೆದವನಿಗೇ ಎರಡೂ ಬೇಕಾಗಿರಲಿಲ್ಲವೇ ಎಂದು ನನ್ನ ಗುಮಾನಿ. ಈ ಗೋಡೆಗಳನ್ನು ಅಗೆದು ತೆಗೆದದ್ದು 1930ರ ದಶಕದ ಮೊದಲಲ್ಲಿ, ಈಗ ಅವು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿವೆ.

ಇನ್ನು ಕೂಸುಗಳ ವಿಷಯ. ಉತ್ತರವೇ ಮುಖ್ಯವಾದರೆ, ಮಾತೇ ಬರದ ಮಗುವಿಗೆ ಏನು ಗತಿ? 'ಅಪೊಸ್ತಲರ ಸಂಪ್ರದಾಯ' ಸುಲಭವಾಗಿ ಬಗೆಹರಿಸುತ್ತದೆ: ಉತ್ತರ ಹೇಳಬಲ್ಲ ಮಕ್ಕಳು ಹೇಳಲಿ, ಆಗದವರ ಪರವಾಗಿ ತಂದೆತಾಯಿಯೋ ಮನೆಯವರೋ ಹೇಳಲಿ. ತೆರ್ತುಲಿಯನ್‌ಗೆ ಇದು ಸೇರದು. ಹೊಣೆ ಹೊತ್ತವರು ನಡುವೆ ಸತ್ತರೆ? ಮಗು ಬೆಳೆದು ಕೆಟ್ಟರೆ? ಕ್ರಿಸ್ತನನ್ನು ತಿಳಿಯುವ ವಯಸ್ಸಿಗೆ ಬರಲಿ ಬಿಡಿ, ಮುಗ್ಧ ವಯಸ್ಸಿಗೆ ಪಾಪಕ್ಷಮೆಯ ಅವಸರವೇಕೆ ಎಂದು ಕೇಳುತ್ತಾನೆ.

ಎರಡು ಶತಮಾನದ ಮೇಲೆ ಬೋನಿಫಾಸ್ ಎಂಬ ಆಫ್ರಿಕದ ಬಿಷಪ್ ಆಗಸ್ಟೀನನಿಗೆ ಕಾಗದ ಬರೆದ. ಸುಳ್ಳಿನ ವಾಸನೆಯೂ ಆಗದ ಮನುಷ್ಯ ಇವನು. ಅವನ ಪ್ರಶ್ನೆ ಇದು: ಒಂದು ಕೂಸನ್ನು ತೋರಿಸಿ, ಇದು ಬೆಳೆದ ಮೇಲೆ ಕಳ್ಳನಾಗುತ್ತದೋ ಇಲ್ಲವೋ ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತೀರಿ. ಈಗ ಅದರ ಮನಸ್ಸಿನಲ್ಲಿ ಏನಿದೆ ಎಂದರೂ ಗೊತ್ತಿಲ್ಲ ಎನ್ನುತ್ತೀರಿ. ಆದರೆ ದೀಕ್ಷಾಸ್ನಾನದಲ್ಲಿ 'ಇದು ದೇವರನ್ನು ನಂಬುತ್ತದೆಯೇ' ಎಂದು ಕೇಳಿದಾಗ ಹೆತ್ತವರು ಧೈರ್ಯವಾಗಿ 'ನಂಬುತ್ತದೆ' ಎನ್ನುತ್ತಾರಲ್ಲ, ಹೇಗೆ? ನಮ್ಮಲ್ಲಿ ತಾಯಂದಿರು ಕಂಕುಳ ಕೂಸಿನ ಪರವಾಗಿ ತಾವೇ ಕೀರಲು ದನಿಯಲ್ಲಿ 'ನಂಗೆ ಹಸಿವಾಗಿದೆ ಅಜ್ಜಿ' ಎನ್ನುತ್ತಾರೆ, ಯಾರೂ ಅದನ್ನು ಸುಳ್ಳು ಎನ್ನುವುದಿಲ್ಲ. ಆಗಸ್ಟೀನನ ಉತ್ತರ ಇದಕ್ಕಿಂತ ಬಿಗಿಯಾಗಿದೆ. ಈಸ್ಟರ್ ದಿನ ನಾವು 'ಇಂದು ಕರ್ತ ಎದ್ದ' ಎನ್ನುತ್ತೇವೆ. ಅವನು ಎದ್ದು ಎಷ್ಟೋ ವರ್ಷಗಳಾದವು, ಆದರೂ ನಮ್ಮನ್ನು ಸುಳ್ಳುಗಾರರೆಂದು ಯಾರೂ ಕರೆಯುವುದಿಲ್ಲ, ಏಕೆಂದರೆ ಈ ದಿನ ಆ ದಿನವನ್ನು ಹೋಲುತ್ತದೆ. ಹಾಗೆಯೇ ನಂಬಿಕೆಯ ಸಂಸ್ಕಾರವೂ ಒಂದು ರೀತಿಯಲ್ಲಿ ನಂಬಿಕೆಯೇ. ಜಾಣ ಉತ್ತರ. ಆದರೂ ಬೋನಿಫಾಸನ ಪ್ರಶ್ನೆಯ ಮೊನೆ ಅದರಿಂದ ಮೊಂಡಾಯಿತು ಎಂದು ನನಗೆ ಅನ್ನಿಸುವುದಿಲ್ಲ.

ಆಗಸ್ಟೀನನಿಗೆ ಈ ಪ್ರಶ್ನೆ ಬೇರೆ ದಾರಿಯಲ್ಲೂ ಎದುರಾಗಿತ್ತು. ಹರೆಯದಲ್ಲಿ, ತಗಾಸ್ತೆ ಎಂಬ ತನ್ನ ಊರಿನಲ್ಲಿ, ಆಪ್ತ ಗೆಳೆಯನೊಬ್ಬ ಜ್ವರದಿಂದ ಎಚ್ಚರ ತಪ್ಪಿ ಬಿದ್ದಾಗ ಮನೆಯವರು ಅವನಿಗೆ ದೀಕ್ಷಾಸ್ನಾನ ಮಾಡಿಸಿಬಿಟ್ಟರು. ಗೆಳೆಯ ಚೇತರಿಸಿಕೊಂಡ. ಪ್ರಜ್ಞೆಯೇ ಇಲ್ಲದಾಗ ಹಾಕಿದ ನೀರು, ಅವನೂ ನನ್ನ ಜತೆ ಸೇರಿ ನಗುತ್ತಾನೆ ಎಂದುಕೊಂಡು ಆಗಸ್ಟೀನ್ ತಮಾಷೆ ಮಾಡಿದ. ಗೆಳೆಯ ಶತ್ರುವನ್ನು ನೋಡುವಂತೆ ನೋಡಿ, ಸ್ನೇಹ ಉಳಿಯಬೇಕೆಂದರೆ ಇನ್ನೊಮ್ಮೆ ಹೀಗೆ ಮಾತಾಡಬೇಡ ಎಂದ. ನೀರು ಬಿದ್ದಾಗ ಆಡಲಾಗದ ಉತ್ತರವನ್ನು ಅವನು ಆಮೇಲೆ ಆಡಿದ ಎಂದು ನಾನು ಓದಿಕೊಳ್ಳುತ್ತೇನೆ. ಕೆಲವೇ ದಿನಗಳಲ್ಲಿ ಜ್ವರ ಮರುಕಳಿಸಿ ತೀರಿಕೊಂಡ.

ಮುಂದಿನದು ಬೇಗ ಹೇಳಬಹುದು. ಕ್ರೈಸ್ತ ಮನೆಗಳಲ್ಲಿ ಹುಟ್ಟುವವರೇ ಹೆಚ್ಚಾದರು, ದೊಡ್ಡವರಾಗಿ ಬರುವವರು ಕಡಿಮೆಯಾದರು. ಪ್ರಶ್ನೆಗಳು ಉಳಿದವು, ಉತ್ತರ ಇನ್ನೊಬ್ಬರದಾಯಿತು. ಖಾಲಿಯಾದ ಜಾಗಕ್ಕೆ ಪಾದ್ರಿಯ ವಾಕ್ಯ ಬಂತು. ಸುಮಾರು 700ರ ಹೊತ್ತಿನ ಗಾಲ್ ನಾಡಿನ (ಇಂದಿನ ಫ್ರಾನ್ಸ್ ಕಡೆಯ) ಪೂಜಾ ಪುಸ್ತಕವೊಂದರಲ್ಲಿ 'ನಾನು ನಿನಗೆ ಮಾಡಿಸುತ್ತೇನೆ' ಎಂಬ ಲ್ಯಾಟಿನ್ ವಾಕ್ಯ ಕಾಣುತ್ತದೆ. ಅದೇ ಎಂಟನೇ ಶತಮಾನದ ಇನ್ನೊಂದು ಪುಸ್ತಕ, ಗೆಲೇಸಿಯನ್ ಎಂದು ಹೆಸರಾದದ್ದು, ಹಳೆಯ ಮೂರು ಪ್ರಶ್ನೆಗಳ ಕ್ರಮವನ್ನೇ ಹಿಡಿದುಕೊಂಡಿದೆ. ಎರಡೂ ಕೆಲಕಾಲ ಒಟ್ಟಿಗೆ ನಡೆದವು.

746ರಲ್ಲಿ ಬವೇರಿಯದಿಂದ ರೋಮಿಗೆ ದೂರು ಹೋಯಿತು. ಅಲ್ಲೊಬ್ಬ ಪಾದ್ರಿಗೆ ಲ್ಯಾಟಿನ್ ಬಾರದು. ತಂದೆಯ, ಮಗನ ಹೆಸರಿನಲ್ಲಿ ಎನ್ನಬೇಕಾದವನು ವಿಭಕ್ತಿ ಕೆಡಿಸಿ, ತಾಯ್ನಾಡು, ಮಗಳು ಎಂದು ಅರ್ಥವಾಗುವ ಹಾಗೆ ಒದರುತ್ತಿದ್ದ. ಜರ್ಮನ್ ಸೀಮೆಗಳಲ್ಲಿ ಧರ್ಮಪ್ರಚಾರಕ್ಕೆ ನಿಂತಿದ್ದ ಬಿಷಪ್ ಬೋನಿಫಾಸ್, ಇವನು ಬೇರೆ ಬೋನಿಫಾಸ್, ಅವನ ಕೈಯಲ್ಲಿ ನೀರು ಬಿದ್ದವರಿಗೆಲ್ಲ ಮತ್ತೆ ದೀಕ್ಷಾಸ್ನಾನ ಮಾಡಿಸಿ ಎಂದು ಹೇಳಿದ್ದ. ಇಬ್ಬರು ಸಹೋದ್ಯೋಗಿಗಳು ಒಪ್ಪದೆ ಪೋಪ್ ಜಕರಿಯಾಸ್‌ಗೆ ಬರೆದರು. ಪೋಪ್ ಬೋನಿಫಾಸನಿಗೆ ಉತ್ತರಿಸಿದ: ಆ ಪಾದ್ರಿ ಬೇಕೆಂದು ಪಾಷಂಡ ಬೋಧಿಸಿದ್ದಲ್ಲ, ಭಾಷೆ ತಿಳಿಯದೆ ನಾಲಿಗೆ ತಪ್ಪಿದ್ದು, ಆದ್ದರಿಂದ ಮತ್ತೆ ಮಾಡಿಸುವ ಅಗತ್ಯವಿಲ್ಲ. ತೀರ್ಪು ಉದಾರವಾದದ್ದೇ. ಆದರೆ ಇಡೀ ವ್ಯಾಜ್ಯ ನಡೆದದ್ದು ಪಾದ್ರಿಯ ಬಾಯಿಂದ ಏನು ಬಂತು ಎಂಬುದರ ಮೇಲೆ.